ಶಂಖದ ಊರು, ಸಾವಿರ ವರ್ಷದ ಲೆಕ್ಕ

2019ರ ಏಪ್ರಿಲ್ 15ರ ರಾತ್ರಿಯನ್ನು ಯಾರೂ ಮರೆತಿರಲಾರರು. ಪ್ಯಾರಿಸ್‌ನ ನೋತ್ರ್ ದಾಮ್ ಹೊತ್ತಿ ಉರಿಯುವುದನ್ನು ನಾವೆಲ್ಲ ಟಿವಿಯ ಮುಂದೆ ಕೂತು ನೋಡಿದೆವು. ಶಿಖರ ಮುರಿದು ಬಿದ್ದ ಕ್ಷಣದಲ್ಲಿ, ಆ ಊರಿನ ಮಣ್ಣು ಮೆಟ್ಟದವರ ಬಾಯಿಂದಲೂ ‘ಅಯ್ಯೋ’ ಎಂಬ ಉದ್ಗಾರ ಹೊರಟಿತು. ಮುಂದಿನದೂ ಗೊತ್ತಿರುವ ಕಥೆಯೇ: 150 ದೇಶಗಳ ಸುಮಾರು 3.4 ಲಕ್ಷ ಜನ 84 ಕೋಟಿ ಯೂರೋಗೂ ಮಿಕ್ಕಿ ಹಣ ಕೊಟ್ಟರು, ಐದು ವರ್ಷದಲ್ಲಿ ಮತ್ತೆ ನಿಲ್ಲಿಸುತ್ತೇವೆಂದು ಕೊಟ್ಟ ಮಾತು ಹೆಚ್ಚುಕಡಿಮೆ ನಡೆಯಿತು, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಆದರೆ ಅದೇ ದೇಶದ ಹಳ್ಳಿಹಳ್ಳಿಗಳಲ್ಲಿ ಸಾವಿರಾರು ಹಳೆಯ ಚರ್ಚುಗಳು ಸದ್ದಿಲ್ಲದೆ ಸೋರುತ್ತಿವೆ. ಬೆಂಕಿ ಬಿದ್ದರೆ ಕ್ಯಾಮೆರಾ ಬರುತ್ತದೆ, ಚಾವಣಿ ಸೋರಿದರೆ ಬಕೆಟ್ ಮಾತ್ರ ಬರುತ್ತದೆ. ಹಳ್ಳಿಯ ಚರ್ಚೊಂದು ಸಾವಿರ ವರ್ಷ ಬಾಳುವುದಾದರೂ ಹೇಗೆ, ಅದನ್ನು ಉಳಿಸುವವರು ಯಾರು ಎಂದು ಹಿಂದಿರುಗಿ ನೋಡಲು ನಾವು ದಕ್ಷಿಣ ಫ್ರಾನ್ಸಿನ ಕೋಂಕ್ ಎಂಬ ಊರನ್ನು ಆರಿಸಿಕೊಂಡಿದ್ದೇವೆ. ಅಲ್ಲಿನ ಚರ್ಚಿನ ಕಿಟಕಿಗಳಿಗೆ ಹೊಸ ಗಾಜು ಬಂದು ಮೂರು ದಶಕ ದಾಟಿದೆ. ಲೆಕ್ಕದ ಪುಸ್ತಕ ತೆರೆಯಲು ಅದೊಂದು ನೆಪ.

ಅವೆರೋಂ ಜಿಲ್ಲೆಯಲ್ಲಿ, ಊಶ್ ಎಂಬ ಹಳ್ಳ ದುರ್ದೂ ನದಿಯನ್ನು ಸೇರುವ ಕಡಿದಾದ ಕಣಿವೆಯ ಮೈಗೆ ಅಂಟಿಕೊಂಡ ಊರಿದು. ಕಣಿವೆಯ ಆಕಾರ ಚಿಪ್ಪಿನಂತಿರುವುದರಿಂದ ಲ್ಯಾಟಿನ್ನಿನ ‘ಕೋಂಕಾ’ ಎಂಬ ಪದವೇ ಊರ ಹೆಸರಾಯಿತು. ಆ ಪದ ನಮ್ಮ ‘ಶಂಖ’ದ ದೂರದ ದಾಯಾದಿ. ಎಂಟನೇ ಶತಮಾನದ ಕೊನೆಯಲ್ಲಿ ದಾದೋಂ ಎಂಬ ಏಕಾಂತವಾಸಿ ಇಲ್ಲಿ ಬಂದು ನೆಲೆಸಿದ. ಅವನ ಸುತ್ತ ಬೆನೆಡಿಕ್ಟಿನ್ ಸನ್ಯಾಸಿಗಳ ಮಠ ಬೆಳೆಯಿತು. 819ರಲ್ಲಿ ಚಕ್ರವರ್ತಿ ಲೂಯಿಯ ದಾನಪತ್ರವೂ ಬಂತು. ಆದರೆ ಇಕ್ಕಟ್ಟಿನ ಕಣಿವೆಯಲ್ಲಿ ಮಠ ನಡೆಸುವುದು ಸುಲಭವಿರಲಿಲ್ಲ. ಬಯಲಿನ ಅನುಕೂಲವಿದ್ದ ಫಿಜಾಕ್‌ನಲ್ಲಿ ‘ಹೊಸ ಕೋಂಕ್’ ಎದ್ದಿತು, ಸನ್ಯಾಸಿಗಳು ಅತ್ತ ಸರಿಯತೊಡಗಿದರು. ಹಳೆಯ ಮಠ ಉಳಿಯಬೇಕಾದರೆ ಜನರನ್ನು ಗುಡ್ಡ ಹತ್ತಿಸುವಂಥದ್ದೇನಾದರೂ ಬೇಕಿತ್ತು. ಆ ಕಾಲದಲ್ಲಿ ಅಂಥದ್ದು ಒಂದೇ: ಸಂತರ ಅಸ್ಥಿ. ಆಜೆಂ ಎಂಬ ಪಟ್ಟಣದಲ್ಲಿ, ರೋಮನ್ನರ ಕಾಲದಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಫ್ವಾ ಎಂಬ ಬಾಲೆಯ ಸಮಾಧಿಯಿತ್ತು. ಕೋಂಕ್‌ನ ಸನ್ಯಾಸಿಯೊಬ್ಬ ಅಲ್ಲಿಗೆ ಹೋಗಿ, ವರ್ಷಗಟ್ಟಲೆ ಸೇವೆ ಮಾಡಿ, ನಂಬಿಕೆ ಗಳಿಸಿ, ಸಮಾಧಿಯ ಕಾವಲು ತನ್ನ ಕೈಗೆ ಬಂದ ಮೇಲೆ ಒಂದು ರಾತ್ರಿ ಅಸ್ಥಿಯನ್ನು ಗಂಟು ಕಟ್ಟಿಕೊಂಡು ಬಂದ ಎಂದು ಮಠದ ಕಥನವೇ ಹೇಳುತ್ತದೆ. ಇಸವಿ 866 ಎಂದು ಎಣಿಕೆ. ಆ ಕಾಲದವರು ಇದನ್ನು ಕಳವೆನ್ನಲಿಲ್ಲ. ಸಂತಳೇ ಮನಸ್ಸು ಮಾಡಿ ಬಂದಳು ಎಂದರು. ನಾವು ಏನೇ ಎನ್ನಲಿ, ಈ ಚರ್ಚಿನ ಅಸ್ತಿವಾರದಲ್ಲಿ ಒಂದು ಕಳವು ಇರುವುದಂತೂ ನಿಜ.

ಆ ಅಸ್ಥಿಗೆ ಹೊದಿಸಿದ ಮೂರ್ತಿ ಇವತ್ತಿಗೂ ಇದೆ. ಎತ್ತರ 85 ಸೆಂಟಿಮೀಟರ್. ಒಳಗೆ ಮರ, ಮೇಲೆ ಚಿನ್ನದ ತಗಡು, ಮೈತುಂಬ ಹರಳು. ಸಿಂಹಾಸನದ ಮೇಲೆ ನೆಟ್ಟಗೆ ಕೂತ ಆ ಬಾಲೆಯ ತಲೆ ಮಾತ್ರ ಬಾಲೆಯದಲ್ಲ. ರೋಮನ್ ಸಾಮ್ರಾಜ್ಯದ ಕೊನೆಗಾಲದ ಯಾವುದೋ ಚಿನ್ನದ ಪ್ರತಿಮೆಯ ಮುಖವನ್ನು ತಂದು ಕೂರಿಸಿದ್ದು. ಜಮೀನಿನ ತಕರಾರು ಎದ್ದಾಗ ಸನ್ಯಾಸಿಗಳು ಉತ್ಸವಮೂರ್ತಿಯಂತೆ ಇದನ್ನು ಹೊತ್ತು ಆ ಹೊಲಕ್ಕೇ ಒಯ್ಯುತ್ತಿದ್ದರು. ಹನ್ನೊಂದನೇ ಶತಮಾನದ ಆರಂಭದಲ್ಲಿ ಉತ್ತರದಿಂದ ಬಂದ ವಿದ್ವಾಂಸ ಆಂಜೇಯ ಬರ್ನಾರ್ಡ್ ಮೊದಲು ಇದನ್ನು ಕಂಡು ವಿಗ್ರಹಾರಾಧನೆಯೆಂದು ಮೂಗು ಮುರಿದ. ಆಮೇಲೆ ಮನಸ್ಸು ಬದಲಿಸಿ, ಅವಳ ಪವಾಡಗಳನ್ನು ಸಂಗ್ರಹಿಸಿ ಪುಸ್ತಕವನ್ನೇ ಬರೆದ. ಆ ಪವಾಡಗಳ ಫ್ವಾ ತುಂಟ ಹುಡುಗಿ. ಹೆಂಗಸರು ಬಚ್ಚಿಟ್ಟುಕೊಂಡ ಉಂಗುರ, ಬಳೆಗಳನ್ನು ಕಾಡಿ ಬೇಡಿ ಪಡೆಯುವವಳು. ಸೆರೆಯಲ್ಲಿದ್ದವರನ್ನು ಬಿಡಿಸುವುದು ಅವಳಿಗೆ ಇಷ್ಟದ ಕೆಲಸ. ಬಿಡುಗಡೆಯಾದವರು ತಂದೊಪ್ಪಿಸಿದ ಸಂಕೋಲೆಗಳನ್ನು ಕರಗಿಸಿ ಬಲಿಪೀಠದ ಸುತ್ತಲಿನ ಕಬ್ಬಿಣದ ಜಾಲರಿ ಮಾಡಿದರೆಂದು ಪ್ರತೀತಿ. ಸ್ಪೇನಿನ ಸ್ಯಾಂಟಿಯಾಗೊಗೆ ನಡೆದು ಹೋಗುವವರ ದಾರಿಯೂ ಈ ಊರಿನ ಮೇಲೆ ಹಾದದ್ದರಿಂದ ಜನ ಬಂದರು, ಕಾಣಿಕೆ ಬಂತು, ಹಳೆಯ ಚರ್ಚು ಸಾಲದಾಯಿತು.

ಈಗ ನಿಂತಿರುವ ಕಟ್ಟಡ ಹನ್ನೊಂದನೇ ಶತಮಾನದ ನಡುವಿನಲ್ಲಿ ಮಠಾಧಿಪತಿ ಒಡೊಲ್ರಿಕ್‌ನ ಕಾಲದಲ್ಲಿ ಶುರುವಾಗಿ, ಹನ್ನೆರಡನೇ ಶತಮಾನದ ಮೊದಲ ದಶಕಗಳವರೆಗೆ ಎದ್ದದ್ದು. ಗೋಡೆಯನ್ನು ಓದಬಲ್ಲವರಿಗೆ ಕಲ್ಲಿನ ಬಣ್ಣವೇ ಕಾಲಗಣನೆ. ಪೂರ್ವದ ತಳಭಾಗದಲ್ಲಿ ಕೆಂಪು ಮರಳುಗಲ್ಲು. ಆಮೇಲೆ ಹಳದಿ ಛಾಯೆಯ ಸುಣ್ಣದಕಲ್ಲು. ಎಲ್ಲೆಡೆ ತುಂಬಲು ಊರ ಗುಡ್ಡದ್ದೇ ಬೂದು ಪದರಗಲ್ಲು. ಯಾತ್ರಿಕರ ಚರ್ಚು ಹೇಗಿರಬೇಕೆಂಬುದನ್ನು ಆ ಕಾಲ ಕಂಡುಕೊಂಡಿತ್ತು: ಪೂಜೆಗೆ ಅಡ್ಡಿಯಾಗದಂತೆ ಜನ ಒಂದು ಪಕ್ಕದಿಂದ ಹೊಕ್ಕು, ಬಲಿಪೀಠದ ಹಿಂದಿನ ಪ್ರದಕ್ಷಿಣಾಪಥದಲ್ಲಿ ಸುತ್ತಿ, ಸಂತಳ ದರ್ಶನ ಪಡೆದು ಇನ್ನೊಂದು ಪಕ್ಕದಿಂದ ಹೊರಬರಬೇಕು. ನಡುವಣ ಅಂಕಣದ ಮೇಲೆ ಸುಮಾರು 22 ಮೀಟರ್ ಎತ್ತರದಲ್ಲಿ ಕಲ್ಲಿನ ಕಮಾನು ಚಾವಣಿ ಸುರಂಗದಂತೆ ಹಾಯುತ್ತದೆ. ಅಂಥ ಚಾವಣಿ ತನ್ನ ಭಾರದಿಂದ ಎರಡೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಅದನ್ನು ತಡೆಯಲು ಇಕ್ಕೆಲದ ಓಣಿಗಳ ಮೇಲೆ ಉಪ್ಪರಿಗೆ ಕಟ್ಟಿ, ಉಪ್ಪರಿಗೆಗೆ ಅರೆಗಮಾನು ಹೊದಿಸಿ, ಬೀಳುವವನಿಗೆ ಹೆಗಲು ಕೊಟ್ಟಂತೆ ಆನಿಸಿದರು. ಇದಕ್ಕೆ ತೆತ್ತ ಬೆಲೆ ಬೆಳಕು. ನಡುವಣ ಅಂಕಣಕ್ಕೆ ನೇರವಾಗಿ ಬಿಸಿಲು ಬೀಳುವುದಿಲ್ಲ. ಓಣಿ, ಉಪ್ಪರಿಗೆಗಳ ಕಿಟಕಿಗಳಿಂದ ಸೋಸಿ ಬರಬೇಕು. ಅದಕ್ಕೇ ಈ ಚರ್ಚಿಗೆ ನೂರಕ್ಕೂ ಮಿಕ್ಕಿ ಕಿಟಕಿಗಳು. ಇದೇ ಮಾದರಿಯ ದೊಡ್ಡ ಚರ್ಚುಗಳು ಐದು: ತೂರ್, ಲಿಮೋಜ್, ತುಲೂಸ್, ಸ್ಯಾಂಟಿಯಾಗೊ ಮತ್ತು ಕೋಂಕ್. ಕೋಂಕ್‌ನದು ಎಲ್ಲಕ್ಕಿಂತ ಚಿಕ್ಕದು, ಉದ್ದ 56 ಮೀಟರ್ ಅಷ್ಟೇ. ಮುಂದೆ ಚಾಚಲು ಗುಡ್ಡ ಜಾಗ ಕೊಡಲಿಲ್ಲ. ತೂರ್ ಮತ್ತು ಲಿಮೋಜ್‌ನವು ಕ್ರಾಂತಿಯ ಕಾಲದಲ್ಲಿ ನೆಲಸಮವಾದವು. ನಗರಗಳ ದೊಡ್ಡಣ್ಣಂದಿರು ಹೋದರು, ಹಳ್ಳಿಯ ಕಿರಿಯ ಉಳಿದ.

ಪಶ್ಚಿಮದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಲೆಕ್ಕ ಮುಂದುವರಿಯದು. ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಕಲ್ಲಿನಲ್ಲಿ ಕಡೆಯ ದಿನದ ತೀರ್ಪು. ಒಟ್ಟು 124 ಆಕೃತಿಗಳು, ಬಣ್ಣದ ಕುರುಹುಗಳು ಈಗಲೂ ಅಲ್ಲಲ್ಲಿ ಉಳಿದಿವೆ. ನಡುವೆ ಕ್ರಿಸ್ತ, ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ಸ್ವರ್ಗದಲ್ಲಿ ಎಲ್ಲವೂ ಸಾಲಾಗಿ, ಶಾಂತವಾಗಿ, ನಿಜ ಹೇಳಬೇಕೆಂದರೆ ಕೊಂಚ ಸಪ್ಪೆಯಾಗಿ ಇದೆ. ಶಿಲ್ಪಿಯ ಕೈ ಕುಣಿದಿರುವುದು ನರಕದಲ್ಲಿ. ಜಿಪುಣನನ್ನು ಅವನ ಹಣದ ಚೀಲವನ್ನೇ ಕೊರಳಿಗೆ ಬಿಗಿದು ನೇತುಹಾಕಿದ್ದಾರೆ. ಖೋಟಾ ನಾಣ್ಯ ಹೊಡೆದವನ ಬಾಯಿಗೆ ಕಾದ ಲೋಹ ಸುರಿಯುತ್ತಿದ್ದಾರೆ. ಕೆಟ್ಟ ಧರ್ಮಗುರುಗಳೂ ಬಲೆಗೆ ಬಿದ್ದಿದ್ದಾರೆ. ನೋಡುವವರ ಎಡಗಡೆಯ, ಅಂದರೆ ಸ್ವರ್ಗದ ಬದಿಯ, ಒಂದು ಮೂಲೆಯಲ್ಲಿ ಪುಟ್ಟ ಫ್ವಾ ಬಾಗಿ ಬೇಡುತ್ತಿದ್ದಾಳೆ, ಮೋಡದಿಂದ ಚಾಚಿದ ದೇವರ ಕೈ ಅವಳ ತಲೆಯ ಹತ್ತಿರ. ಹಿಂದೆ ತೊಲೆಗೆ ತೂಗುಬಿಟ್ಟ ಸಂಕೋಲೆಗಳು. ಇಷ್ಟೆಲ್ಲ ಭಯ ಭಕ್ತಿಗಳ ಅಂಚಿನಲ್ಲಿ ಇನ್ನೊಂದಿದೆ. ಹೊರಗಮಾನಿನ ಪಟ್ಟಿಯನ್ನು ಬಟ್ಟೆಯಂತೆ ಬೆರಳಲ್ಲಿ ಹಿಡಿದು, ಕಣ್ಣು ಮೂಗು ಮಾತ್ರ ಹೊರಗೆ ಮಾಡಿ, ಪುಟ್ಟ ಮುಖಗಳು ಒಳಗೇನು ನಡೆದಿದೆಯೆಂದು ಇಣುಕಿ ನೋಡುತ್ತಿವೆ. ಊರವರು ಅವನ್ನು ‘ಕುತೂಹಲಿಗಳು’ ಎಂದು ಕರೆಯುತ್ತಾರೆ. ತೀರ್ಪು ಯಾರದ್ದೇ ಇರಲಿ, ನೋಡಲು ಊರ ಜನ ಸೇರಿರುತ್ತಾರೆಂಬುದನ್ನು ಆ ಶಿಲ್ಪಿ ಬಲ್ಲವನಾಗಿದ್ದ.

ಏರಿದ್ದು ಇಳಿಯಲೇಬೇಕು. ಹದಿಮೂರನೇ ಶತಮಾನದ ಹೊತ್ತಿಗೆ ಮಠದ ಕಳೆ ಇಳಿಯತೊಡಗಿತು. ನಡುವಣ ಅಂಕಣವೂ ಅಡ್ಡ ಅಂಕಣವೂ ಕೂಡುವೆಡೆಯ ಮೇಲಿನ ಗೋಪುರದೊಳಗೆ ಹದಿನೈದನೇ ಶತಮಾನದಲ್ಲಿ ಗಾಥಿಕ್ ಶೈಲಿಯ ಪಕ್ಕೆಲುಬಿನ ಕಮಾನು ಬಂತು. ಕಟ್ಟಡಕ್ಕೆ ಸಂದ ಕೊನೆಯ ದೊಡ್ಡ ಕಾಣಿಕೆಯದು. ಹದಿನಾರನೇ ಶತಮಾನದಲ್ಲಿ ಸನ್ಯಾಸಿಗಳ ಜಾಗಕ್ಕೆ ವೇತನದ ಪಾದ್ರಿಗಳು ಬಂದರು. 1568ರಲ್ಲಿ, ಧರ್ಮಯುದ್ಧದ ಕಾಲದಲ್ಲಿ, ಪ್ರಾಟೆಸ್ಟಂಟ್ ಪಡೆ ಬೆಂಕಿಯಿಟ್ಟಿತು. ಕಲ್ಲು ಸುಟ್ಟಿತು, ಕಟ್ಟಡ ಬೀಳಲಿಲ್ಲ. ಆಮೇಲಿನ ಎರಡು ಶತಮಾನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರಿಪೇರಿಗೆ ಹಣವಿರಲಿಲ್ಲ, ಕೆಡವಿ ಹೊಸದು ಕಟ್ಟಲೂ ಹಣವಿರಲಿಲ್ಲ. ಬಡತನ ಒಮ್ಮೊಮ್ಮೆ ಒಳ್ಳೆಯ ಕಾವಲುಗಾರ.

ನಿಜವಾದ ಪರೀಕ್ಷೆ ಬಂದದ್ದು 1789ರ ಕ್ರಾಂತಿಯ ಬೆನ್ನಿಗೆ. ಚರ್ಚಿನ ಆಸ್ತಿ ದೇಶದ ಆಸ್ತಿಯಾಯಿತು. ಚಿನ್ನ ಬೆಳ್ಳಿಯೆಲ್ಲ ಟಂಕಸಾಲೆಗೆ ಹೋಗಿ ಕರಗಬೇಕೆಂಬ ಆಜ್ಞೆ ಹೊರಟಿತು. ಫ್ರಾನ್ಸಿನ ಎಷ್ಟೋ ಮಧ್ಯಯುಗದ ಭಂಡಾರಗಳು ಹೀಗೆ ನಾಣ್ಯವಾಗಿ ಹೋದವು. ಕೋಂಕ್‌ನ ಜನ ಬೇರೆ ದಾರಿ ಹಿಡಿದರು. ಅಧಿಕಾರಿಗಳ ಕೈಗೆ ಸಿಗುವ ಮೊದಲೇ ಭಂಡಾರವನ್ನು ಹಂಚಿಕೊಂಡು ಮನೆಮನೆಯಲ್ಲಿ, ತೋಟದಲ್ಲಿ, ಚೆಸ್ಟ್‌ನಟ್ ಒಣಗಿಸುವ ಗುಡಿಸಲುಗಳಲ್ಲಿ ಬಚ್ಚಿಟ್ಟರು. ಆ ಗುಡಿಸಲನ್ನು ಕಣ್ಣಮುಂದೆ ತಂದುಕೊಳ್ಳಿ: ಕೆಳಗೆ ಸಣ್ಣ ಬೆಂಕಿ, ಮೇಲೆ ಅಟ್ಟದ ತುಂಬ ಹರವಿದ ಕಾಯಿ, ಹೊಗೆಗೆ ಕಪ್ಪಿಟ್ಟ ಗೋಡೆ. ಆ ಗುಡ್ಡಗಾಡಿನ ಬಡವರ ಅನ್ನವೇ ಚೆಸ್ಟ್‌ನಟ್. ಅದರ ಪಕ್ಕದಲ್ಲಿ ಚಕ್ರವರ್ತಿಗಳ ಕಾಲದ ಚಿನ್ನ. ಒಂದು ತುಂಡು ಮಾರಿದ್ದರೂ ಒಂದು ಸಂಸಾರ ತಲೆಮಾರುಗಟ್ಟಲೆ ನೆಮ್ಮದಿಯಿಂದ ಉಣ್ಣಬಹುದಿತ್ತು. ಗಾಳಿ ತಣ್ಣಗಾದ ಮೇಲೆ ವಸ್ತುಗಳು ಮರಳಿ ಚರ್ಚಿಗೆ ಬಂದವು. ಇಂದು ಕೋಂಕ್‌ನ ಭಂಡಾರವೆಂದು ಜಗತ್ತು ಕೊಂಡಾಡುವುದು ಆ ಗುಡಿಸಲುಗಳಿಂದ ಹಿಂತಿರುಗಿದ್ದನ್ನು.

ಆದರೆ ಸಿಂಹಾವಲೋಕನವೆಂದರೆ ಹೊಗಳಿಕೆಯ ಪಟ್ಟಿಯಲ್ಲ, ಖರ್ಚಿನ ಪುಟವನ್ನೂ ತೆರೆಯಬೇಕು. ಅದೇ ಊರಿನಲ್ಲಿ, ಅದೇ ದಶಕಗಳಲ್ಲಿ, ಚರ್ಚಿನ ಮಗ್ಗುಲಿಗಿದ್ದ ಮಠದ ತೊಟ್ಟಿಯಂಗಳ ಮಾಯವಾಯಿತು. ಮಠಾಧಿಪತಿ ಬೆಗಾಂ ಹನ್ನೆರಡನೇ ಶತಮಾನದ ಹೊಸ್ತಿಲಲ್ಲಿ ಕಟ್ಟಿಸಿದ್ದ, ನಾಲ್ಕೂ ಕಡೆ ಕಂಬಸಾಲು, ಬೋದಿಗೆಬೋದಿಗೆಗೂ ಕೆತ್ತನೆಯಿದ್ದ ಅಂಗಳ. ಸನ್ಯಾಸಿಗಳಿಲ್ಲದ ಮಠ ಕಲ್ಲುಕ್ವಾರಿಯಾಯಿತು. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಲ್ಲು ಬಿಚ್ಚಿಬಿಚ್ಚಿ ಒಯ್ದರು. ಈಗ ಉಳಿದಿರುವುದು ಕೆಲವು ಕಮಾನು, ಕೆಲವು ಬೋದಿಗೆ, ಸನ್ಯಾಸಿಗಳು ಕೈಕಾಲು ತೊಳೆಯುತ್ತಿದ್ದ ಹಸಿರುಗಲ್ಲಿನ ತೊಟ್ಟಿ. ಚಿನ್ನವನ್ನು ಮುಟ್ಟದೆ ಕಾದ ಊರು ಕಲ್ಲು ಹೋಗುವುದನ್ನು ಸುಮ್ಮನೆ ನೋಡಿತು. ಇದರಲ್ಲಿ ದ್ವಂದ್ವ ಕಾಣುವುದು ನಮ್ಮ ಕಣ್ಣಿಗೆ. ಸಂತಳು ಊರವಳು, ಅವಳ ಒಡವೆ ಊರ ಮಾನ. ಅಂಗಳ ಮಾತ್ರ ಎಂದೂ ಊರಿನದಾಗಿರಲಿಲ್ಲ, ಸನ್ಯಾಸಿಗಳ ಖಾಸಗಿ ಜಾಗ, ಊರವರು ಕಾಲಿಡದ ಜಾಗ. ತನ್ನದೆನಿಸಿದ್ದನ್ನು ಊರು ಕಾಯಿತು, ತನ್ನದೆನಿಸದ್ದನ್ನು ಕಾಯಲಿಲ್ಲ. ಇಡೀ ಸಾವಿರ ವರ್ಷದಿಂದ ಕಲಿಯುವ ಪಾಠ ಒಂದೇ ಇದ್ದರೆ ಅದು ಇದೇ.

1837ರಲ್ಲಿ ಐತಿಹಾಸಿಕ ಸ್ಮಾರಕಗಳ ಇನ್‌ಸ್ಪೆಕ್ಟರ್ ಜನರಲ್ ಪ್ರಾಸ್ಪೆರ್ ಮೆರಿಮೆ ಈ ಕಣಿವೆಗೆ ಇಳಿದ. ಮುಂದೆ ‘ಕಾರ್ಮೆನ್’ ಬರೆದ ಕಥೆಗಾರನೇ ಈತ. ಇಂಥ ಮೂಲೆಯಲ್ಲಿ ಇಂಥದ್ದೊಂದು ಇರಬಹುದೆಂಬ ಕಲ್ಪನೆಯೂ ಅವನಿಗಿರಲಿಲ್ಲ. ಬೀಳುವ ಸ್ಥಿತಿಯಲ್ಲಿದ್ದ ಕಟ್ಟಡದ ಪರವಾಗಿ ಅವನು ಪ್ಯಾರಿಸ್‌ಗೆ ಬರೆದ. 1840ರ ಮೊದಲ ಸ್ಮಾರಕಪಟ್ಟಿಯಲ್ಲಿ ಕೋಂಕ್ ಸೇರಿತು, ರಿಪೇರಿಗೆ ಸರ್ಕಾರದ ಹಣ ಬಂತು. ಸರ್ಕಾರದ ಕೈ ತಾಗದಿದ್ದರೆ ಇಂದು ನಾವು ಈ ಕಟ್ಟಡದ ಬಗ್ಗೆ ಭೂತಕಾಲದಲ್ಲಿ ಮಾತಾಡಬೇಕಿತ್ತು. ಆದರೆ ರಿಪೇರಿಯೆಂಬುದು ಇದ್ದದ್ದನ್ನು ಇದ್ದಂತೆ ಬಿಡುವುದಿಲ್ಲ. ಇಂದು ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಪಶ್ಚಿಮದ ಜೋಡಿ ಗೋಪುರಗಳ ಚೂಪು ಶಿಖರಗಳು ಮಧ್ಯಯುಗದವಲ್ಲ, ಹತ್ತೊಂಬತ್ತನೇ ಶತಮಾನದ ಕೊನೆಯವು. 1873ರಲ್ಲಿ ರೊದೇಸ್‌ನ ಬಿಷಪ್ ಪ್ರೆಮೋಂತ್ರೆ ಪಂಗಡದ ಸಹೋದರರನ್ನು ಕರೆತಂದು ಮತ್ತೆ ದೀಪ ಹಚ್ಚಿಸಿದರು. 1875ರಲ್ಲಿ ಬಲಿಪೀಠದ ಹಿಂದಿನ ಗೋಡೆಯಲ್ಲಿ ಅಸ್ಥಿಯ ಪೆಟ್ಟಿಗೆ ಸಿಕ್ಕಿತು. ಮುಂದೆ 1905ರ ಡಿಸೆಂಬರಿನಲ್ಲಿ ಧರ್ಮ ಮತ್ತು ಸರ್ಕಾರಗಳನ್ನು ಬೇರ್ಪಡಿಸಿದ ಕಾನೂನು ಬಂತು. ಅದರ ಬೆನ್ನಿಗೇ ಫ್ರಾನ್ಸಿನ ಹಳ್ಳಿ ಚರ್ಚುಗಳ ಕಟ್ಟಡಗಳೆಲ್ಲ ಆಯಾ ಊರಾಡಳಿತದ ಸ್ವತ್ತಾದವು. ಪೂಜೆ ಪಾದ್ರಿಯದು, ಹೆಂಚು ಮೇಯರ್‌ನದು. ಹಕ್ಕಿನ ಜೊತೆ ಹೊರೆಯೂ ಊರಿನ ತಲೆಗೆ ಬಂತು.

ಇನ್ನು ಕಿಟಕಿಯ ಮಾತು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಚರ್ಚಿಗೆ ಸಂತರ ಚಿತ್ರಗಳ ಬಣ್ಣದ ಗಾಜು ಹಾಕಿದ್ದರು. 1980ರ ದಶಕದಲ್ಲಿ ಸಂಸ್ಕೃತಿ ಇಲಾಖೆ ಅವನ್ನು ತೆಗೆದು ಹೊಸದು ಮಾಡುವ ಕೆಲಸವನ್ನು ಪಿಯೇರ್ ಸುಲಾಜ್‌ಗೆ ಒಪ್ಪಿಸಿತು. ಸುಲಾಜ್ ಹತ್ತಿರದ ರೊದೇಸ್‌ನಲ್ಲಿ 1919ರಲ್ಲಿ ಹುಟ್ಟಿದವರು. ಶಾಲೆಯ ಹುಡುಗನಾಗಿ ಕೋಂಕ್‌ಗೆ ಬಂದಾಗಲೇ ಕಲೆಗೆ ಬದುಕು ಕೊಡಬೇಕೆಂದು ನಿಶ್ಚಯಿಸಿದೆನೆಂದು ಹೇಳಿಕೊಂಡವರು. ಆಮೇಲೆ ಕಪ್ಪು ಬಣ್ಣವೊಂದನ್ನೇ ಹಿಡಿದು ಲೋಕಪ್ರಸಿದ್ಧರಾದವರು. ಕಪ್ಪು ಚಿತ್ರಕಾರನ ಕೈಗೆ ದೇವರ ಮನೆಯ ಬೆಳಕನ್ನು ಕೊಡುವುದೇ ಎಂದು ಊರಿನಲ್ಲಿ ಅಸಮಾಧಾನ ಎದ್ದಿತು, ಪರಿಚಿತ ಸಂತರು ಹೋಗುವರೆಂಬ ಸಂಕಟವೂ ಇತ್ತು. ಸುಲಾಜ್ ಬಣ್ಣವನ್ನೇ ಬಳಸಲಿಲ್ಲ. ನೂರಾರು ಪ್ರಯೋಗ ಮಾಡಿ, ಬೆಳಕು ಹಾಯುವ ಆದರೆ ಹೊರಗಿನದೇನೂ ಕಾಣದ ಗಾಜನ್ನು ರೂಪಿಸಿದರು. ತುಲೂಸ್‌ನ ಗಾಜುಶಿಲ್ಪಿ ಜಾಂ ದೊಮಿನಿಕ್ ಫ್ಲರಿ ಅದನ್ನು ಕಿಟಕಿಗಿಳಿಸಿದರು. 104 ಕಿಟಕಿಗಳು, ಒಂದರಲ್ಲೂ ಚಿತ್ರವಿಲ್ಲ. ಓರೆಯಾಗಿ ಬಾಗಿ ಹರಿಯುವ ಸೀಸದ ಗೆರೆಗಳು ಮಾತ್ರ. ಬಣ್ಣ ಕೊಡುವ ಕೆಲಸವನ್ನು ಹೊತ್ತಿಗೇ ಬಿಟ್ಟರು: ಬೆಳಗಿಗೆ ತಣ್ಣನೆಯ ನೀಲಿ, ಇಳಿಹೊತ್ತಿಗೆ ಬೆಚ್ಚನೆಯ ಹೊಂಬಣ್ಣ. ಕಟ್ಟಿದವರು ಚಾವಣಿಯ ಭದ್ರತೆಗಾಗಿ ಬಿಟ್ಟುಕೊಟ್ಟ ಬೆಳಕು ಒಂಬೈನೂರು ವರ್ಷದ ಮೇಲೆ, 1994ರಲ್ಲಿ, ಹೀಗೆ ಸೋಸಿಕೊಂಡು ಒಳಬಂತು. ಸಂತರ ಚಿತ್ರಗಳ ಮುಂದೆ ಬೆಳೆದವರಿಗೆ ಅದು ನಷ್ಟವೇ. ಆದರೆ ಇಂದು ಲೆಕ್ಕ ಹಾಕುವಾಗ ಅದನ್ನು ಲಾಭದ ಪುಟದಲ್ಲಿ ಬರೆಯದೆ ಗತಿಯಿಲ್ಲ. 2022ರಲ್ಲಿ ಸುಲಾಜ್ ತೀರಿಕೊಂಡಾಗ 102 ವರ್ಷ.

1998ರಲ್ಲಿ ಯುನೆಸ್ಕೊ ಸ್ಯಾಂಟಿಯಾಗೊ ಯಾತ್ರಾಪಥಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕೋಂಕ್‌ನ ಚರ್ಚು, ದುರ್ದೂ ನದಿಯ ಹಳೆಯ ಸೇತುವೆ ಎರಡೂ ಅದರಲ್ಲಿದ್ದವು. ಅಂದಿನಿಂದ ಬೇಸಿಗೆಯಲ್ಲಿ ಊರು ತುಂಬಿ ತುಳುಕುತ್ತದೆ. ಕತ್ತಲಾದ ಮೇಲೆ ಪ್ರೆಮೋಂತ್ರೆ ಸಹೋದರರೊಬ್ಬರು ಬಾಗಿಲ ಮುಂದೆ ನಿಂತು, ಅಂದು ನಡೆದು ಬಂದವರಿಗೆ ಆ 124 ಆಕೃತಿಗಳ ಕಥೆ ಹೇಳುತ್ತಾರೆ. ಬಳಿಕ ಒಳಗೆ ಆರ್ಗನ್ ಮೊಳಗುತ್ತದೆ. ಕಾಲು ಬೊಬ್ಬೆ ಬಂದವರು ಮೆಟ್ಟಿಲ ಮೇಲೆ ಕೂತು ಕತ್ತೆತ್ತಿ ನೋಡುತ್ತಾರೆ, ಕಮಾನಿನಂಚಿನ ಕುತೂಹಲಿಗಳು ಅವರನ್ನು ನೋಡುತ್ತಾರೆ. ಚಳಿಗಾಲದಲ್ಲಿ ಆ ಮೆಟ್ಟಿಲು ಖಾಲಿ. ಹಳೆಯ ಕೋಂಕ್‌ನ ಜನಸಂಖ್ಯೆ ಮುನ್ನೂರರೊಳಗೆ ಇಳಿದಿತ್ತು. 2016ರಲ್ಲಿ ನೆರೆಯ ಮೂರು ಊರುಗಳೊಂದಿಗೆ ಸೇರಿ ಒಂದೇ ಆಡಳಿತವಾಯಿತು. ಬರುವವರು ಹೆಚ್ಚಿದರು, ಇರುವವರು ಕಡಿಮೆಯಾದರು. ಪರಂಪರೆ ಉಳಿದರೆ ಊರೂ ಉಳಿಯುತ್ತದೆಂಬುದು ಎಲ್ಲರ ನಂಬಿಕೆಯಾಗಿತ್ತು. ಆ ಮಾತಿನ ಅರ್ಧ ಮಾತ್ರ ನಡೆದಿದೆ.

ಶಂಖದಿಂದ ಬಂದರೇ ತೀರ್ಥ ಎಂಬ ಗಾದೆ ನಮ್ಮಲ್ಲಿದೆ. ಪಟ್ಟಿ, ಮುದ್ರೆ, ಫಲಕಗಳ ಮೂಲಕ ಬಂದದ್ದನ್ನಷ್ಟೇ ಪರಂಪರೆಯೆಂದು ಜಗತ್ತು ಕೈಯೊಡ್ಡುತ್ತದೆ. ಶಂಖ ಬೇಡವೆನ್ನುತ್ತಿಲ್ಲ. ಮೆರಿಮೆಯ ಪಟ್ಟಿ ಇಲ್ಲದಿದ್ದರೆ ಚಾವಣಿ ಬೀಳುತ್ತಿತ್ತು, ಸಂಸ್ಕೃತಿ ಇಲಾಖೆಯಿಲ್ಲದಿದ್ದರೆ ಸುಲಾಜ್‌ರ ಬೆಳಕು ಬರುತ್ತಿರಲಿಲ್ಲ. ಆದರೆ ನೀರು ಶಂಖದಲ್ಲಿ ಹುಟ್ಟುವುದಿಲ್ಲ, ಯಾರೋ ಬಾವಿಯಿಂದ ಹೊತ್ತು ತರಬೇಕು. 2022ರಲ್ಲಿ ಫ್ರೆಂಚ್ ಸೆನೆಟ್‌ನ ವರದಿಯೊಂದು, 2030ರೊಳಗೆ 2,500ರಿಂದ 5,000 ಧಾರ್ಮಿಕ ಕಟ್ಟಡಗಳು ಕೈಬಿಟ್ಟುಹೋಗಬಹುದು ಎಂದು ಎಚ್ಚರಿಸಿತು. ಮರುವರ್ಷ ಸಣ್ಣ ಊರುಗಳ ಚರ್ಚುಗಳಿಗಾಗಿ ನಾಲ್ಕು ವರ್ಷದಲ್ಲಿ 20 ಕೋಟಿ ಯೂರೋ ಕೂಡಿಸುವ ದೇಣಿಗೆ ಯೋಜನೆಯನ್ನು ಅಧ್ಯಕ್ಷರು ಘೋಷಿಸಿದರು. ಒಂದು ನೋತ್ರ್ ದಾಮ್‌ಗೆ ಹರಿದು ಬಂದ ಹಣದ ಕಾಲುಭಾಗಕ್ಕೂ ಕಡಿಮೆ, ಸಾವಿರಾರು ಚರ್ಚುಗಳಿಗೆ. ಹಣ ಬರಲಿ, ಇನ್ನೂ ಹೆಚ್ಚು ಬರಲಿ. ಆದರೆ ಮುಂದಿನ ಆಪತ್ತಿನಲ್ಲಿ ಬಾಗಿಲು ಕಾಯಲು ಆ ಊರುಗಳಲ್ಲಿ ಜನ ಇರುತ್ತಾರೆಯೇ ಎಂಬ ಪ್ರಶ್ನೆಗೆ ಯಾವ ಯೋಜನೆಯೂ ಉತ್ತರ ಕೊಟ್ಟಿಲ್ಲ.

ಕೋಂಕ್ ಒಮ್ಮೆ ಉತ್ತರ ಕೊಟ್ಟಿತ್ತು. ಸಂತ ಫ್ವಾಳ ಚಿನ್ನದ ಮೂರ್ತಿ ಇವತ್ತಿಗೂ ರಾಜಧಾನಿಯ ಯಾವ ವಸ್ತುಸಂಗ್ರಹಾಲಯದಲ್ಲೂ ಇಲ್ಲ. ಅದು ಕೋಂಕ್‌ನಲ್ಲೇ, ಚರ್ಚಿನ ಮಗ್ಗುಲಲ್ಲೇ ಇದೆ.